ಹಳೇ ಬೆಂಜ್, ಹರಿಹರದ ಲೇತ್

ಇಪ್ಪತ್ತು ವರ್ಷ ಹಳೆಯ, ಎರಡೇ ಬಾಗಿಲಿನ ಬೆಂಜ್ ತಂದು, ಎಂಜಿನ್ ಇಳಿಸಿ, "ಪವರ್ ಜಾಸ್ತಿ ಮಾಡ್ಕೊಡಿ" ಅನ್ನೋ ದಾವಣಗೆರೆ ಹುಡುಗರಿಗೆ ಇವತ್ತಿನ ಮಾತು.

ಪಕ್ಕದ ಹರಿಹರಕ್ಕೆ ಲೇತ್ ಹೊಸದಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ದೇಶಕ್ಕೇ ಲೇತ್ ಕೊಟ್ಟ ಕಾರ್ಖಾನೆ. ಅದು ಮುಚ್ಚಿತು. ಕಲಿತ ಕೈ ಮುಚ್ಚುತ್ತೇನ್ರೀ? ಸವೆದ ಸಿಲಿಂಡರ್ ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿ, ವಾಲ್ವ್ ಸರಿಯಾಗಿ ಕೂರಿಸಿದರೆ ಕಳೆದುಹೋದ ಕಂಪ್ರೆಷನ್ ವಾಪಸ್ ಬರುತ್ತೆ. ಆದರೆ ಮೊದಲು ಬ್ಲಾಕ್ ಯಾವುದು ಅಂತ ನೋಡಿ. ಕೆಲವು ಜರ್ಮನ್ ಎಂಜಿನ್‌ಗಳ ಸಿಲಿಂಡರ್ ಗೋಡೆ ಅಲ್ಯೂಮಿನಿಯಂ-ಸಿಲಿಕಾನ್‌ನದು. ಎರಕದ ಕಬ್ಬಿಣದ ಥರ ಕೊರೆದರೆ ಲಕ್ಷಗಟ್ಟಲೆ ದುಡ್ಡು ಗುಜರಿಗೆ!

ಹುಡುಗರಿಗೆ ಇಷ್ಟು ಸಾಕಾಗಲ್ಲ, ಟರ್ಬೋ ಬೇಕು. ಸರಿ ಸ್ವಾಮಿ, ಬ್ರೇಕ್? ವೇಗ 60ರಿಂದ 120ಕ್ಕೆ ಏರಿದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲೋಕೆ ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹೈವೇಲಿ ಎದುರಿಗೆ ಮೆಕ್ಕೆಜೋಳದ ಟ್ರ್ಯಾಕ್ಟರ್ ಬಂದಾಗ ಈ ಲೆಕ್ಕ ನೆನಪಾದರೆ ಏನು ಪ್ರಯೋಜನ? ಗಟ್ಟಿಯಾದ ಬ್ರೇಕ್ ಪೈಪು, ಹೊಸ ಟೈರು, ಸಸ್ಪೆನ್ಷನ್ ಬುಷ್ ಬದಲಾಯಿಸಿ, ರೇಡಿಯೇಟರ್ ತೊಳೆಸಿ. ಇದಕ್ಕೆ ಯಾರೂ ರೀಲ್ಸ್ ಮಾಡಲ್ಲ, ಅದೇ ಬೇಜಾರು.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ಮೂಲ ವಿವರಗಳು ಬದಲಾಗುವಂಥ ಮಾರ್ಪಾಡು ಬೇಡ ಅನ್ನುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಆರ್‌ಸಿಯಲ್ಲಿ ಒಂದು, ಬಾನೆಟ್ ಕೆಳಗೆ ಇನ್ನೊಂದು ಇದ್ದರೆ, ಅಪಘಾತವಾದ ದಿನ ವಿಮೆಯವರು ಮೊದಲು ಏನು ಕೇಳ್ತಾರೆ, ಹೇಳಿ?