ಹನ್ನೊಂದು ವರ್ಕ್‌ಶಾಪ್, ಒಂದು ಸಿಂಟೆಕ್ಸ್ ಟ್ಯಾಂಕ್

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ ಮೊದಲೇ ಹೇಳ್ಬಿಡ್ತೀನಿ, ನಡುವೆ ಕುಕ್ಕರ್ ಕೂಗಿದ್ರೆ ಗಾಬರಿ ಆಗ್ಬೇಡಿ. ನಮ್ಮನೇಲಿ ರೆಕಾರ್ಡಿಂಗ್ ಇದೆ ಅಂತ ಅಡುಗೆ ನಿಲ್ಲಲ್ಲ.

ಇಲ್ಲಿ ಸಾಮಾನ್ಯವಾಗಿ ನಾನು ಸಂಬಳ, ಇಎಂಐ, ಎಸ್‌ಐಪಿ ಅಂತ ಮಾತಾಡೋಳು. ಓದಿದ್ದು ಬಿಕಾಂ, ನಾಲ್ಕು ವರ್ಷ ಆಡಿಟರ್ ಆಫೀಸಲ್ಲಿ ಬಿಲ್ಲು ವೋಚರ್ ಟ್ಯಾಲಿ ಮಾಡಿದ್ದು. ಆದ್ರೆ ಹೋದ ತಿಂಗಳು ನನ್ನದೊಂದು ಜಲವರ್ಣ ಚಿತ್ರನ ಇನ್‌ಸ್ಟಾಗ್ರಾಮ್‌ಗೆ ಹಾಕಿದ ಮೇಲೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಅಕ್ಕಾ, ಯಾವ ವರ್ಕ್‌ಶಾಪ್‌ಗೆ ಹೋಗಿದ್ರಿ? ಲಿಂಕ್ ಕಳ್ಸಿ." ಲಿಂಕ್ ಕಳಿಸೋದು ಎರಡು ಸೆಕೆಂಡಿನ ಕೆಲಸ. ಆದ್ರೆ ಕಳಿಸಿದ್ರೆ ನಿಮಗೆ ಸುಳ್ಳು ಹೇಳಿದ ಹಾಗೆ ಆಗುತ್ತೆ ಅನ್ನಿಸ್ತು. ಅದಕ್ಕೇ ಈ ಎಪಿಸೋಡ್.

ಮೊದಲು ಲೆಕ್ಕ. ನನ್ನ ಹತ್ರ ಎಲ್ಲದಕ್ಕೂ ಒಂದು ಎಕ್ಸೆಲ್ ಶೀಟ್ ಇರುತ್ತೆ, ಚಟ ಅದು. ಒಂದೂವರೆ ವರ್ಷದಲ್ಲಿ ನಾನು ಹೋದ ವರ್ಕ್‌ಶಾಪ್ 11. ಖರ್ಚು 43,650 ರೂಪಾಯಿ. ಸಂಬಳ ಆಗ 28 ಸಾವಿರ. ಅಂದ್ರೆ ಒಂದೂವರೆ ತಿಂಗಳ ದುಡಿಮೆ ಪೂರ್ತಿ.

ಮೊದಲನೇದು ಒಂದು ಕೆಫೆಯಲ್ಲಿ. ಎರಡು ಗಂಟೆ, ಒಂದು ಕ್ಯಾನ್ವಾಸ್, ಒಂದು ಕೋಲ್ಡ್ ಕಾಫಿ. ಇಪ್ಪತ್ತು ಜನ ಕೂತು ಅದೇ ಹುಣ್ಣಿಮೆ ಚಂದ್ರ, ಅದೇ ಒಣಗಿದ ಕೊಂಬೆ ಬಿಡಿಸಿದ್ವಿ. ಹೊರಗೆ ಬರುವಾಗ ಯಾರ ಚಂದ್ರ ಯಾರದು ಅಂತ ಹುಡುಕಬೇಕಾಯ್ತು. ಅದನ್ನ ತಮಾಷೆ ಮಾಡ್ತಿಲ್ಲ, ಆಫೀಸಿನ ಬೇಜಾರಿಗೆ ಅದು ಒಳ್ಳೇ ಔಷಧಿನೇ. ಆಮೇಲೆ ಜಲವರ್ಣದ ಎರಡು ದಿನದ್ದು, ಮೈಸೂರು ಸಾಂಪ್ರದಾಯಿಕ ಶೈಲಿಯ ಹತ್ತು ದಿನದ್ದು, ಆನ್‌ಲೈನ್‌ದು ಮೂರೋ ನಾಲ್ಕೋ. ಮೈಸೂರು ಶೈಲಿಯಲ್ಲಿ ಒಡವೆ, ಕಂಬ, ಪ್ರಭಾವಳಿ ಬರೋ ಕಡೆ ಸ್ವಲ್ಪವೇ ಉಬ್ಬು ಬರೋ ಹಾಗೆ ಗೆಸ್ಸೊ ಹಚ್ಚಿ ಅದರ ಮೇಲೆ ಚಿನ್ನದ ರೇಕು ಕೂರಿಸ್ತಾರೆ. ತಂಜಾವೂರಿನದರಷ್ಟು ದಪ್ಪ ಉಬ್ಬು ಇರಲ್ಲ. ನನ್ನ ಸರಸ್ವತಿಯ ಸೊಂಟದ ಡಾಬು ಮಾತ್ರ ಹಪ್ಪಳ ಕರಿದ ಹಾಗೆ ಉಬ್ಬಿತ್ತು.

ವರ್ಕ್‌ಶಾಪ್ ದಂಡ ಅಂತ ನಾನು ಹೇಳಲ್ಲ. ಯೂಟ್ಯೂಬಲ್ಲಿ ಕಾಣದ ಕೆಲವು ವಿಷಯ ಅಲ್ಲಿ ಕಾಣುತ್ತೆ. ಕುಂಚ ನೀರಲ್ಲಿ ಅದ್ದಿದ ಮೇಲೆ ಬಟ್ಟೆಗೆ ಎಷ್ಟು ಸಲ ಒರೆಸ್ತಾರೆ, ಬೋರ್ಡನ್ನ ಎಷ್ಟು ಓರೆ ಇಡ್ತಾರೆ, ಮುಖ್ಯವಾಗಿ ಎಷ್ಟು ಹೊತ್ತು ಏನೂ ಮಾಡದೆ ಸುಮ್ನೆ ಕೂರ್ತಾರೆ. ವಿಡಿಯೋದಲ್ಲಿ ಆ ಸುಮ್ನೆ ಕೂರೋದನ್ನ ಕಟ್ ಮಾಡಿರ್ತಾರೆ.

ಆದ್ರೆ ಪ್ರತಿ ವರ್ಕ್‌ಶಾಪಿನ ಕೊನೆ ಅರ್ಧ ಗಂಟೇಲಿ ಒಂದು ಘಟನೆ ನಡೆಯುತ್ತೆ, ಹೋದವರಿಗೆಲ್ಲ ಗೊತ್ತು. ಸರ್ ಅಥವಾ ಮೇಡಮ್ ಒಬ್ಬೊಬ್ಬರ ಟೇಬಲ್ ಹತ್ರ ಬಂದು, "ಒಂದು ಟಚ್ ಕೊಡ್ಲಾ?" ಅಂತಾರೆ. ಮರದ ಬುಡಕ್ಕೊಂದು ನೆರಳು, ನೀರಲ್ಲೊಂದು ಗೀರು. ಚಿತ್ರ ಎದ್ದು ಕೂರುತ್ತೆ. ನಾವು ಫೋಟೋ ತೆಗೆದು ಸ್ಟೇಟಸ್ ಹಾಕ್ತೀವಿ. ಲೈಕ್ ಬರುತ್ತೆ. ನನಗೂ ಬಂತು, ಸಾಕಷ್ಟು ಬಂತು. ಎಷ್ಟು ಅಂದ್ರೆ, ಚಿತ್ರಸಂತೆಗೆ ಅರ್ಜಿ ಹಾಕೋಣ ಅಂತ ತಲೆಗೆ ಬರೋವಷ್ಟು. ಪ್ರತಿ ವರ್ಷ ಜನವರಿಲಿ ಒಂದು ಭಾನುವಾರ ಚಿತ್ರಕಲಾ ಪರಿಷತ್ತಿನವರು ಕುಮಾರಕೃಪಾ ರಸ್ತೆಲಿ ಮಾಡೋ ಸಂತೆ, ಬೆಂಗಳೂರಿನವರಿಗೆ ಹೇಳ್ಬೇಕಾಗಿಲ್ಲ. ಆರು ಚಿತ್ರ ಆರಿಸಿ, ಫ್ರೇಮ್ ಹಾಕಿಸಿ, ಗೋಡೆಗೆ ಒರಗಿಸಿ ಇಟ್ಟಿದ್ದೆ.

ಆಗ ಅರಸೀಕೆರೆಯಿಂದ ಮಾವ ಬಂದ್ರು. ಅಮ್ಮನ ಅಣ್ಣ. ಅವರು ಬೋರ್ಡ್ ಬರೆಯೋರಾಗಿದ್ರು. ಅಂಗಡಿ ಬೋರ್ಡು, ಲಾರಿ ಹಿಂದಿನ ಬರಹ, ಶಾಲೆ ಗೋಡೆ ಮೇಲಿನ ಭಾರತದ ಭೂಪಟ, ಎಲ್ಲಾ. ಎನಾಮೆಲ್ ಡಬ್ಬ, ಟರ್ಪೆಂಟೈನ್ ವಾಸನೆ, ಕೈ ಊರೋಕೆ ತುದಿಗೆ ಬಟ್ಟೆ ಸುತ್ತಿದ ಒಂದು ಕೋಲು. ಫ್ಲೆಕ್ಸ್ ಪ್ರಿಂಟ್ ಊರಿಗೆ ಬಂದ ಮೇಲೆ ಕೆಲಸ ಒಂದೊಂದೇ ಕಮ್ಮಿಯಾಗಿ ನಿಂತೇ ಹೋಯ್ತು. ಈಗ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ.

ಮಾವ ಆರೂ ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತ್ರು. ಕನ್ನಡಕ ಹಣೆ ಮೇಲೆ ಏರಿಸಿ ಹತ್ತಿರದಿಂದ ನೋಡಿದ್ರು. ಬೆರಳಿಟ್ಟು, "ಈ ನೆಳ್ಳು ಬ್ಯಾರೆಯೋರ ಕೈ" ಅಂದ್ರು. ಮುಂದಿನದಕ್ಕೆ ಹೋಗಿ, "ಈ ನೀರಿನ ಗೆರೆ ಬ್ಯಾರೆಯೋರದ್ದು." ಆರರಲ್ಲಿ ಐದು ಕಡೆ ಸರಿಯಾಗಿ ಆ ಟಚ್ ಕೊಟ್ಟ ಜಾಗಕ್ಕೇ ಬೆರಳು ಇಟ್ರು. ನಾನು ಯಾರಿಗೂ ಹೇಳಿರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, ಕೊಂಕಿಲ್ಲ ಏನಿಲ್ಲ, ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ್ರು: "ಇದ್ರಾಗೆ ನಿಂದ್ಯಾವ್ದವ್ವಾ?"

ಅಮ್ಮ ಕಾಫಿ ತಂದಿದ್ದು ಒಳ್ಳೇದಾಯ್ತು. ನನಗೆ ಉತ್ತರ ಇರಲಿಲ್ಲ.

ಆ ವರ್ಷ ಅರ್ಜಿ ಹಾಕ್ಲಿಲ್ಲ. ಕೋಪ ಮಾತ್ರ ಒಂದು ವಾರ ಇತ್ತು. ಆಮೇಲೆ ಮಾವನಿಗೆ ಫೋನ್ ಮಾಡಿ, ಏನು ಮಾಡ್ಲಿ ಅಂದೆ. "ಕೈ ಪಳಗ್ಬೇಕು ಕಣವ್ವ, ಹಳೇ ಪೇಪರ್ ಮ್ಯಾಲೆ ಗೆರೆ ಎಳಿ" ಅಂದ್ರು. ಅವರು ಕಲಿಯುವಾಗ ಅವರ ಉಸ್ತಾದರು ಆರು ತಿಂಗಳು ಅಕ್ಷರಾನೇ ಬರೆಸಿರಲಿಲ್ವಂತೆ. ಬರೀ ನಿಂತ ಗೆರೆ, ಮಲಗಿದ ಗೆರೆ, ಅರ್ಧ ಚಂದ್ರ. ನಮ್ಮ ಕನ್ನಡ ಅಕ್ಷರಕ್ಕೆ ಆ ಅರ್ಧ ಚಂದ್ರ ಬಂದ್ರೆ ಮುಕ್ಕಾಲು ಕೆಲಸ ಮುಗೀತು ಅಂತಾರೆ.

ಇಲ್ಲಿ ಒಂದು ಸಣ್ಣ ವಿಷಯಾಂತರ. ನಮ್ಮ ಉಡುಪಿ ಹತ್ರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ಹೆಸರು ಕೇಳಿರ್ತೀರಿ. ನಾಲ್ಕೇ ಗೆರೆಯಲ್ಲಿ ನರ್ತಕಿ ಎದ್ದು ಬರೋ ಹಾಗೆ ಬರೀತಿದ್ದೋರು. ಲಯ ಅಂದ್ರೇನು ಅಂತ ಮೈಗೆ ಗೊತ್ತಾಗಲಿ ಅಂತ ಅವರು ಕಥಕ್ ಕಲಿತಿದ್ರು. ಚಿತ್ರ ಬಿಡಿಸೋಕೆ ಕಾಲಿಗೆ ಗೆಜ್ಜೆ! ಇದನ್ನ ಓದಿದ ಮೇಲೆ ಪೇಪರ್ ಮೇಲೆ ಗೆರೆ ಎಳೆಯೋದು ಅವಮಾನ ಅನ್ನಿಸೋದು ನಿಂತಿತು.

ಎರಡು ತಿಂಗಳು ಗೆರೆ. ಆಮೇಲೆ ಒಂದು ವಸ್ತು ಬೇಕಿತ್ತು. ನಾವಿರೋದು ನಾಗರಭಾವಿ ಕಡೆ ಬಾಡಿಗೆ ಮನೆ, ಮೂರನೇ ಮಹಡಿ. ತಾರಸಿ ಮೇಲೆ ನಿಂತ್ರೆ ಬೆಟ್ಟ ಇಲ್ಲ, ಕೆರೆ ಇಲ್ಲ. ಎದುರು ಮನೆಯ ಕಪ್ಪು ಸಿಂಟೆಕ್ಸ್ ಟ್ಯಾಂಕ್ ಇದೆ. ಪಕ್ಕದಲ್ಲಿ ಒಂದು ತೆಂಗಿನ ಗರಿ, ಒಣಗೋಕೆ ಹಾಕಿದ ಲುಂಗಿ. ಸರಿ, ಟ್ಯಾಂಕೇ ಇರಲಿ ಅಂದ್ಕೊಂಡೆ. ಬೆಳಗ್ಗೆ ಆಫೀಸಿಗೆ ಹೋಗೋ ಮುಂಚೆ ನಲವತ್ತು ನಿಮಿಷ, ಭಾನುವಾರ ಮಧ್ಯಾಹ್ನ ಒಂದು.

ಪೇಪರ್ ವಿಷಯ ಹೇಳ್ಬೇಕು, ಯಾಕಂದ್ರೆ ತುಂಬಾ ಜನ ಇಲ್ಲೇ ಎಡವೋದು. ಜಲವರ್ಣಕ್ಕೆ 300 ಜಿಎಸ್‌ಎಂ, ಪೂರ್ತಿ ಹತ್ತಿಯ ಕಾಗದ ಒಳ್ಳೇದು, ನೀರು ಹಿಡ್ಕೊಳ್ಳುತ್ತೆ, ಬೇಗ ಸುರುಟಿಕೊಳ್ಳಲ್ಲ. ಆದ್ರೆ ದುಬಾರಿ. ದುಬಾರಿ ಹಾಳೆ ಮುಂದೆ ಕೂತ್ರೆ ಕೈ ನಡುಗುತ್ತೆ. ಅಗ್ಗದ ಕಾಗದದಲ್ಲಿ ಬಣ್ಣ ಮೇಲ್ಮೈಯಲ್ಲೇ ನಿಂತು ಬೇರೆ ಥರ ಒಣಗುತ್ತೆ, ಅದರಲ್ಲಿ ಕಲಿತದ್ದು ಇದಕ್ಕೆ ಬರಲ್ಲ. ನಾನು 22 ಇಂಚು 30 ಇಂಚಿನ ದೊಡ್ಡ ಹಾಳೆ ತಂದು ಎಂಟು ತುಂಡು ಮಾಡ್ದೆ. ಹಿಂದೆ ಮುಂದೆ ಎರಡೂ ಕಡೆ ಬಳಸಿದ್ರೆ ಹದಿನಾರು ಚಿತ್ರ. ಕೆಟ್ಟ ಚಿತ್ರ ಒಂದಕ್ಕೆ ಎಷ್ಟು ಖರ್ಚು ಅಂತ ಲೆಕ್ಕ ಹಾಕಿ ಗೋಡೆಗೆ ಅಂಟಿಸ್ದೆ. ಎರಡು ಬೈಟು ಕಾಫಿಯಷ್ಟು. ಭಯ ಹೋಯ್ತು. ಬಿಕಾಂ ಉಪಯೋಗಕ್ಕೆ ಬಂದ ಅಪರೂಪದ ಸಂದರ್ಭ.

ಶೀಟಲ್ಲಿ ಹೊಸ ಟ್ಯಾಬ್ ತೆರೆದೆ. ತಾರೀಖು, ಹೊತ್ತು, ಬಣ್ಣ, ಕೊನೇ ಕಾಲಂ "ಎಲ್ಲಿ ಕೆಡ್ತು". ಮೊದಲ ವಾರ ಟ್ಯಾಂಕಿಗೆ ಟ್ಯೂಬಿನ ಕಪ್ಪೇ ಬಳೀತಿದ್ದೆ. ಆಕಾಶಕ್ಕೆ ತೂತು ಬಿದ್ದ ಹಾಗೆ ಕಾಣ್ತಿತ್ತು. ದಿನಾ ನೋಡ್ತಾ ನೋಡ್ತಾ ಗೊತ್ತಾಯ್ತು, ಕಪ್ಪು ಟ್ಯಾಂಕ್ ಕಪ್ಪಾಗಿರೋದೇ ಇಲ್ಲ. ಬೆಳಗ್ಗೆ ಅದರ ತಲೆ ಮೇಲೆ ಆಕಾಶದ ನೀಲಿ ಕೂತಿರುತ್ತೆ, ಸಂಜೆ ಒಂದು ಪಕ್ಕ ಕಂದು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಸೇರಿಸಿದ್ರೆ ಒಂದು ಜೀವ ಇರೋ ಬೂದು ಬರುತ್ತೆ. ನೀಲಿ ಹೆಚ್ಚಾದ್ರೆ ಮಳೆಗಾಲದ ಬೂದು, ಕಂದು ಹೆಚ್ಚಾದ್ರೆ ಬೇಸಿಗೆಯದು. ಆರು ತಿಂಗಳು ಈ ಎರಡೇ ಬಣ್ಣ ಇಟ್ಕೊಂಡೆ. ಮಿಕ್ಕ ಟ್ಯೂಬ್‌ಗಳನ್ನ ಅಮ್ಮನ ಬೀರುವಿನಲ್ಲಿಟ್ಟು ಬೀಗ ಹಾಕಿಸ್ದೆ.

ನಲವತ್ತು ಚಿತ್ರ ಆದ ಮೇಲೆ ಕೊನೇ ಕಾಲಂಗೆ ಫಿಲ್ಟರ್ ಹಾಕಿ ನೋಡ್ದೆ. ನನ್ನ ತಪ್ಪುಗಳು ನೂರೆಂಟು ಥರ ಇರ್ತವೆ ಅಂದ್ಕೊಂಡಿದ್ದೆ. 27 ಕಡೆ ಒಂದೇ ವಾಕ್ಯ: "ಒಣಗೋ ಮುಂಚೆ ಮುಟ್ಟಿದೆ." ಅರ್ಧ ಒಣಗಿದ ಬಣ್ಣಕ್ಕೆ ನೀರು ಹೆಚ್ಚಿರೋ ಕುಂಚ ತಾಗಿಸಿದ್ರೆ, ಆ ನೀರು ಬಣ್ಣನ ಆಚೆಗೆ ತಳ್ಕೊಂಡು ಹೋಗಿ ಹೂಕೋಸಿನ ಥರ ಅಂಚು ಬಿಡುತ್ತೆ. ನನಗೆ ಪ್ರತಿಭೆ ಇಲ್ಲ, ಬಣ್ಣದ ಜ್ಞಾನ ಇಲ್ಲ ಅಂತ ಅಳ್ತಿದ್ದೆ. ಇರಲಿಲ್ಲದ್ದು ನಾಲ್ಕು ನಿಮಿಷದ ತಾಳ್ಮೆ. ಕಾಗದನ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಹೊಳಪು ಹೋಗಿದ್ಯಾ ನೋಡೋದು, ಅಂಗೈ ಹಿಂಭಾಗ ತಾಗಿಸಿ ತಣ್ಣಗಿದ್ರೆ ಇನ್ನೂ ಹಸಿ ಅಂತ ತಿಳ್ಕೊಳ್ಳೋದು, ಅಷ್ಟೇ. ತಮಾಷೆ ಅಂದ್ರೆ, ಹಳೇ ನೋಟ್‌ಬುಕ್ ತೆಗೆದು ನೋಡಿದ್ರೆ ಮೂರನೇ ವರ್ಕ್‌ಶಾಪಲ್ಲಿ ಇದನ್ನೇ ಹೇಳಿದ್ರು. ನಾನೇ ಬರ್ಕೊಂಡು, ಕೆಳಗೆ ಎರಡು ಗೆರೆ ಎಳೆದಿದ್ದೆ.

ಹವಾಮಾನಾನೂ ಲೆಕ್ಕಕ್ಕೆ ಬರುತ್ತೆ. ಏಪ್ರಿಲ್ ಮಧ್ಯಾಹ್ನ ತಾರಸಿ ಮೇಲೆ ಎರಡನೇ ಗೀರಿಗೆ ಮುಂಚೆ ಮೊದಲನೇದು ಒಣಗಿರುತ್ತೆ. ನೀರಿಗೆ ಒಂದೆರಡು ಹನಿ ಗ್ಲಿಸರಿನ್ ಹಾಕಿದ್ರೆ ಸ್ವಲ್ಪ ಟೈಮ್ ಸಿಗುತ್ತೆ. ಜುಲೈ ಜಿಟಿಜಿಟಿ ಮಳೇಲಿ ಅರ್ಧ ಗಂಟೆ ಆದ್ರೂ ಹಸಿ. ಜುಲೈ ಚಿತ್ರಗಳಲ್ಲಿ ಟ್ಯಾಂಕಿನ ಅಂಚು ಮೋಡಕ್ಕೆ ಕರಗಿ ಹೋಗಿದೆ. ಅದನ್ನ ನಾನು ಬೇಕಂತ ಮಾಡಿದ್ದಲ್ಲ. ಆದ್ರೆ ಆಮೇಲೆ ಬೇಕಂತಲೇ ಮಾಡೋಕೆ ಬಂತು.

ಪ್ರಯೋಗ ಅಂತ ಕರೆಯೋ ಧೈರ್ಯ ಬಂದಿದ್ದು ಅಲ್ಲಿಂದ. ಮಾವನ ತೋಟದ ಕೆಮ್ಮಣ್ಣು ತಂದು ಬಣ್ಣ ಮಾಡ್ದೆ. ಮಣ್ಣನ್ನ ನೀರಲ್ಲಿ ಕದಡಿ, ಮರಳು ತಳ ಸೇರಿದ ಮೇಲೆ ಮೇಲಿನ ರಾಡಿ ಬಗ್ಗಿಸಿಕೊಂಡು, ಅದು ಮತ್ತೆ ತಿಳಿಯಾಗಿ ಕೆಳಗೆ ಕೂತ ನುಣ್ಣನೆ ಕೆಸರು ಒಣಗಿಸಿ, ಗೋಂದು ಮತ್ತು ಚೂರು ಜೇನುತುಪ್ಪದ ಜೊತೆ ಅರೆಯೋದು. ಮೊದಲ ಸಲ ಗೋಂದು ಹೆಚ್ಚಾಗಿ ಬಣ್ಣ ಬಿರುಕು ಬಿಡ್ತು. ಎರಡನೇ ಸಲ ಕಮ್ಮಿಯಾಗಿ, ಒಣಗಿದ ಮೇಲೆ ಬೆರಳಿಗೆ ಪುಡಿ ಅಂಟಿತು. ನಾಲ್ಕನೇದು ಸರಿಯಾಯ್ತು. ಅಮ್ಮನ ಮಿಕ್ಸಿ ಜಾರ್ ಈ ಕಥೆಯಲ್ಲಿ ಬರಲ್ಲ, ಕೇಳ್ಬೇಡಿ.

ಕೆಮ್ಮಣ್ಣಿನ ಹುಚ್ಚಿನಿಂದಾನೇ ಹನ್ನೆರಡನೇ ವರ್ಕ್‌ಶಾಪ್‌ಗೆ ಹೋದೆ. ಸಾಗರದ ಹತ್ರ, ಹಸೆ ಚಿತ್ತಾರದ್ದು. ಮಲೆನಾಡಿನ ದೀವರ ಹೆಣ್ಣುಮಕ್ಕಳು ಗೋಡೆ ಮೇಲೆ ಬರೆಯೋ ಕಲೆ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಅಂದ್ರೆ ಪುಂಡಿ ನಾರು. ಈ ಸಲ ನಾನು ಒಂದು ಪ್ರಶ್ನೆ ತಗೊಂಡು ಹೋಗಿದ್ದೆ: ಅಷ್ಟು ಉದ್ದದ ಗೆರೆ ಮಧ್ಯೆ ಬಣ್ಣ ಮುಗಿದಾಗ ಕುಂಚ ಎತ್ತಿ ಮತ್ತೆ ಹೇಗೆ ಸೇರಿಸ್ತೀರಿ, ಗಂಟು ಕಾಣಲ್ವಲ್ಲ? ಕಲಿಸ್ತಿದ್ದ ಅಮ್ಮ ಬಾಯಲ್ಲಿ ಏನೂ ಹೇಳ್ಲಿಲ್ಲ. ಗೆರೆ ತೆಳ್ಳಗಾಗೋಕೆ ಶುರುವಾದ ಕೂಡಲೇ, ಇನ್ನೂ ಬಣ್ಣ ಇರುವಾಗಲೇ ನಾರು ಎತ್ತಿದ್ರು. ಪೂರ್ತಿ ಮುಗಿಯೋ ತನಕ ಎಳೆಯಲ್ಲ. ಅರ್ಧ ದಿನ ಅದೊಂದನ್ನೇ ಮಾಡ್ದೆ. ನನ್ನ ಕಾಗದನ ಅವರು ಒಂದು ಸಲವೂ ಮುಟ್ಟಲಿಲ್ಲ. ಕೊಟ್ಟ ದುಡ್ಡಿಗೆ ಒಂದು ಟಚ್ಚೂ ಇಲ್ವಾ ಅಂತ ಪಕ್ಕದವರು ಗೊಣಗಿದ್ರು. ನನಗೆ ನಗು ಬಂತು.

ಹಾಗಾಗಿ ಲಿಂಕ್ ಕೇಳಿದವರಿಗೆ ನನ್ನ ಉತ್ತರ: ವರ್ಕ್‌ಶಾಪ್‌ಗೆ ಹೋಗಿ, ಆದ್ರೆ ಎರಡು ವರ್ಕ್‌ಶಾಪ್ ಮಧ್ಯೆ ಒಂದು ಟ್ಯಾಂಕ್ ಇರಲಿ. ಟಚ್ ಕೊಡೋಕೆ ಬಂದ್ರೆ, "ಬೇರೆ ಹಾಳೆ ಮೇಲೆ ತೋರಿಸಿ ಸರ್" ಅನ್ನಿ. ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಮುಂದಿನ ವರ್ಷದ ಚಿತ್ರಸಂತೆಗೆ ಅರ್ಜಿ ಹಾಕ್ದೆ, ಜಾಗ ಸಿಕ್ತು. ಫುಟ್‌ಪಾತ್ ಅಂಚಲ್ಲಿ ಒಂದು ಮೇಜು, ದಾರಕ್ಕೆ ಕ್ಲಿಪ್ ಹಾಕಿದ ಹದಿನಾಲ್ಕು ಟ್ಯಾಂಕ್‌ಗಳು. ಹಿಂದಿನ ವಾರ ಮಾವನಿಗೆ, ಸ್ಟಾಲ್‌ಗೆ ಹೆಸರಿನ ಬೋರ್ಡ್ ಬರ್ಕೊಡಿ ಅಂದಿದ್ದೆ. "ಕೈ ನಡುಗ್ತದೆ, ಫ್ಲೆಕ್ಸ್ ಹಾಕ್ಸವ್ವ" ಅಂದ್ರು. ಆದ್ರೂ ಶನಿವಾರ ರಾತ್ರಿ ರೈಲಲ್ಲಿ ಬಂದ್ರು, ಚೀಲದಲ್ಲಿ ಆ ಹಳೇ ಕೋಲು. ಅಡುಗೆಮನೆಯ ಬೆಳಕಲ್ಲಿ ಒಂದು ಪ್ಲೈವುಡ್ ತುಂಡಿನ ಮೇಲೆ ನನ್ನ ಹೆಸರು ಬರೆದ್ರು, ಹಳದಿ ಮೇಲೆ ಕೆಂಪು, ಎಡಪಕ್ಕಕ್ಕೆ ನೆರಳು. ಕೋಲಿನ ಮೇಲೆ ಮಣಿಕಟ್ಟು ಕೂತ ಮೇಲೆ ಕೈ ನಡುಗಲಿಲ್ಲ. ಎತ್ತಿದಾಗ ಮಾತ್ರ ನಡುಗ್ತಿತ್ತು.

ಅವತ್ತು ನಾಲ್ಕು ಚಿತ್ರ ಮಾರಾಟ ಆಯ್ತು, ಒಂದೊಂದು 800 ರೂಪಾಯಿ. ಮಾವ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕಡಲೆಕಾಯಿ ಬಿಡಿಸ್ತಾ ಕೂತಿದ್ರು. ಜನ ಟ್ಯಾಂಕ್‌ಗಳಿಗಿಂತ ಜಾಸ್ತಿ ಫೋಟೋ ತೆಗೆದಿದ್ದು ಬೋರ್ಡಿನದು. ಅದು ಮಾರಾಟಕ್ಕಿಲ್ಲ ಅಂತ ಮೂರು ಜನಕ್ಕೆ ಹೇಳ್ಬೇಕಾಯ್ತು. ನಾಲ್ಕನೆಯವರು ಕೇಳಿದಾಗ ನಾನು ಬಾಯಿ ತೆರೆಯೋ ಮುಂಚೆ ಮಾವ, "ನಿಮ್ ಹೆಸ್ರು ಹೇಳಿ, ಬರ್ದ್ ಕಳಿಸ್ತೀನಿ" ಅಂತ ಕಡಲೆಕಾಯಿ ಸಿಪ್ಪೆ ಕೊಡವಿಕೊಂಡು ಎದ್ದು ನಿಂತ್ರು.