ಅರಸು ದಾರಿ ಮತ್ತು ನಮ್ಮ ಕೇರಿ
(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ಚುನಾವಣೆ ಬಂತೆಂದರೆ ನಡುಪಂಥದ ಉಮೇದುವಾರರು ನಮ್ಮ ಹಾಸ್ಟೆಲ್ ಬಾಗಿಲಿಗೆ ಬರುತ್ತಾರೆ. 'ನಾವೂ ಎಡದವರೇ ಕಣ್ರಪ್ಪ, ದೇವರಾಜ ಅರಸು ದಾರಿಯವರು' ಅಂತಾರೆ. ಸರಿ, ಹಾಗಾದರೆ ಅರಸು ಅವರ ಲೆಕ್ಕವನ್ನೇ ಮೊದಲು ನೋಡೋಣ.

1972ರಲ್ಲಿ ಮುಖ್ಯಮಂತ್ರಿಯಾದ ಅರಸು ಕಾಂಗ್ರೆಸ್ಸಿನವರು. ಕ್ರಾಂತಿ ಮಾಡ್ತೀನಿ ಅಂತ ಬಂದವರಲ್ಲ. ಆದರೂ 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಫಾರಂ ನಂಬರ್ 7 ತುಂಬಿದ ಗೇಣಿದಾರ ನ್ಯಾಯಮಂಡಳಿಯಲ್ಲಿ ಧಣಿಯ ಎದುರೇ ನಿಂತು 'ಈ ಹೊಲ ನಂದು' ಅಂದ. ಪರಿಶಿಷ್ಟರಿಗೆ ಮಂಜೂರಾದ ಭೂಮಿ ಪರಭಾರೆಯಾದರೆ ವಾಪಸ್ ಕೊಡಿಸುವ ಕಾಯ್ದೆಯೂ ಅವರ ಕಾಲದ್ದೇ, 1978ರದ್ದು. ಇದನ್ನೆಲ್ಲ ಇಲ್ಲ ಅಂದರೆ ನಾವು ಕೃತಘ್ನರಾಗುತ್ತೇವೆ.

ಆದರೆ ಕೇರಿಯಲ್ಲಿ ನಿಂತು ನೋಡಿ. ನಮ್ಮ ಅಪ್ಪ ತಾತಂದಿರಲ್ಲಿ ಗೇಣಿದಾರರು ಎಷ್ಟು ಜನ? ಬಹುಪಾಲು ಜೀತದಾಳುಗಳು, ಕೂಲಿಗಳು. ನೇಗಿಲು ಹಿಡಿದ ಕೈ ನಮ್ಮದು, ಪಹಣಿಯಲ್ಲಿದ್ದ ಹೆಸರು ಬೇರೆಯವರದು. 'ಉಳುವವನೇ ಹೊಲದೊಡೆಯ' ಎಂದ ಕಾನೂನಿಗೆ ಗೇಣಿದಾರ ಕಂಡ, ಕೂಲಿ ಕಾಣಲಿಲ್ಲ. ಕೂಲಿಯವನು ಮಿತಿ ಮೀರಿದ ಜಮೀನಿಗೆ ಕಾಯಬೇಕಿತ್ತು. ಆ ಮಿತಿ ಎಷ್ಟು ಗೊತ್ತೇ? ಐದು ಜನರ ಕುಟುಂಬಕ್ಕೆ ಖುಷ್ಕಿಯಾದರೆ 54 ಎಕರೆ! ಅಷ್ಟು ಬಿಟ್ಟ ಮೇಲೆ ಹಂಚೋದಕ್ಕೆ ಏನು ಉಳಿದೀತು?

ಅದೇ ಸಂಪುಟದಲ್ಲಿ ಬಿ. ಬಸವಲಿಂಗಪ್ಪನವರಿದ್ದರು. ಮಲ ಹೊರುವ ಪದ್ಧತಿ ನಿಲ್ಲಿಸಲು ಹೊರಟವರು. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಬೀದಿಯಲ್ಲಿ ಗದ್ದಲ ಎದ್ದಿತು. ನಮ್ಮಂಥ ಹಾಸ್ಟೆಲ್ ಹುಡುಗರಿಗೆ ಏಟು ಬಿತ್ತು. ಅವರ ಮಂತ್ರಿಗಿರಿ ಹೋಯಿತು. ಗದ್ದಲಕ್ಕೆ ಬೆದರಿದಾಗ ನಡುಪಂಥ ಮೊದಲು ಕೈಬಿಡೋದು ಯಾರನ್ನ ಅಂತ ಅವತ್ತೇ ಗೊತ್ತಾಯ್ತು.

ನಡುಪಂಥದ ಅತ್ಯುತ್ತಮರ ಕತೆಯೇ ಇದು. ಇನ್ನು ಅವರ ಫೋಟೋ ಹಿಡಿದು ಬರುವವರದು ಹೇಗಿದ್ದೀತು?

ಅಂಥವರಿಗೆ ಓಟು ಹಾಕಲೇಬೇಡಿ ಅಂತ ನಾವು ಹೇಳುತ್ತಿಲ್ಲ. ಎದುರಿಗಿರುವವನು ಇನ್ನೂ ಕೆಟ್ಟವನಾದರೆ ಹಾಕೋಣ. ಆದರೆ ಅವರನ್ನು ಎಡ ಅಂತ ಕರೆದು ನಮ್ಮ ಚಳವಳಿಯನ್ನು ಅವರ ಜೀಪಿನ ಹಿಂದೆ ಕಟ್ಟೋದು ಬೇಡ. ಮುಂದಿನ ಸಲ ಬಂದಾಗ ಕುರ್ಚಿ ಕೊಡಿ, ನೀರು ಕೊಡಿ, ಆಮೇಲೆ ಕೇಳಿ: ಕೂಲಿಯವನಿಗೆ ಎಷ್ಟು ಗುಂಟೆ ಕೊಡಿಸುತ್ತೀರಿ? 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ಕಿತ್ತು ದುಡ್ಡಿದ್ದವರಿಗೆಲ್ಲ ಹೊಲ ಕೊಳ್ಳಲು ಬಾಗಿಲು ತೆಗೆದಾಗ ಎಲ್ಲಿದ್ರಿ?

ಉತ್ತರ ಬರೆದುಕೊಳ್ಳಿ. ಗೆದ್ದ ಮೇಲೆ ಆ ಚೀಟಿ ಹಿಡಿದು ಅವರ ಮನೆ ಬಾಗಿಲಿಗೆ ನಾವೇ ಹೋಗೋಣ.

ಜೈ ಭೀಮ್.