ಮಾನಸಿಕ ಕಾಯಿಲೆಯ ಆರಂಭ: ಹೆಸರಿಗಿಂತ ಮೊದಲು ದಿನಾಂಕ

(ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಚೆನ್ನಾಗಿ ದುಡಿಯುತ್ತಿದ್ದ ಯುವಕನೊಬ್ಬ ಕೆಲವೇ ದಿನಗಳಲ್ಲಿ ನಿದ್ರೆಗೆಟ್ಟು, ಒಬ್ಬನೇ ಮಾತನಾಡುತ್ತ, ಮನೆಯವರು ಅನ್ನದಲ್ಲಿ ವಿಷ ಬೆರೆಸುತ್ತಿದ್ದಾರೆಂದು ಶಂಕಿಸತೊಡಗಿದರೆ ಊರು ಅದಕ್ಕೆ ಒಂದೇ ಹೆಸರಿಡುತ್ತದೆ: ಹುಚ್ಚು. ವೈದ್ಯಶಾಸ್ತ್ರ ಅಷ್ಟು ಅವಸರಪಡುವುದಿಲ್ಲ. ಇಲ್ಲದ ಧ್ವನಿ ಕೇಳಿಸುವುದು, ಆಧಾರವಿಲ್ಲದ ಅಚಲ ಸಂಶಯ, ಅಸಂಬದ್ಧ ಮಾತು ಇವೆಲ್ಲ ಹಲವು ಕಾಯಿಲೆಗಳಲ್ಲಿ ಕಾಣುವ ಲಕ್ಷಣಗಳು. ಮೊದಲ ವಾರದಲ್ಲಿ ಅವುಗಳನ್ನು ಬೇರ್ಪಡಿಸುವುದು ತಜ್ಞರಿಗೂ ಕಠಿಣ. ಆದ್ದರಿಂದ ವೈದ್ಯರು ಮುಖ್ಯವಾಗಿ ಮೂರು ಸಂಗತಿಗಳನ್ನು ವಿಚಾರಿಸುತ್ತಾರೆ.

ಮೊದಲನೆಯದು ಅವಧಿ. ಅಮೆರಿಕದ ಮನೋವೈದ್ಯರ ಸಂಘದ ವರ್ಗೀಕರಣದಂತೆ, ಒಂದು ತಿಂಗಳೊಳಗೆ ಪೂರ್ಣ ಗುಣವಾದರೆ ಅದು ಅಲ್ಪಾವಧಿಯ ಕಾಯಿಲೆ. 1ರಿಂದ 6 ತಿಂಗಳವರೆಗೆ ಇದ್ದರೆ ಸ್ಕಿಜೋಫ್ರೆನಿಫಾರ್ಮ್. 6 ತಿಂಗಳು ತುಂಬಿಯೂ ಉಳಿದರೆ ಸ್ಕಿಜೋಫ್ರೇನಿಯಾ. ಭ್ರಮೆಗಳಿಗೆ ಮುಂಚೆ ಮಂಕಾಗಿ, ಎಲ್ಲರಿಂದ ದೂರವಾಗಿ ಕಳೆದ ದಿನಗಳೂ ಈ 6 ತಿಂಗಳ ಲೆಕ್ಕಕ್ಕೆ ಸೇರುತ್ತವೆ.

ಎರಡನೆಯದು ಮನಸ್ಥಿತಿ. ಅತಿಯಾದ ಉನ್ಮಾದ ಅಥವಾ ತೀವ್ರ ಖಿನ್ನತೆ ಇರುವಾಗ ಮಾತ್ರ ಭ್ರಮೆಗಳು ಕಾಣಿಸಿಕೊಂಡರೆ ಅದು ಬೈಪೋಲಾರ್ ಅಥವಾ ಖಿನ್ನತೆಯ ಕಾಯಿಲೆಯಾಗಿರಬಹುದು. ಅದರ ಚಿಕಿತ್ಸಾಕ್ರಮ ಬೇರೆ.

ಮೂರನೆಯದು ದೇಹ ಮತ್ತು ವ್ಯಸನ. ಗಾಂಜಾ ಸೇವನೆ, ಬಹುಕಾಲದ ಕುಡಿತವನ್ನು ಹಠಾತ್ತನೆ ಬಿಡುವುದು, ಮಿದುಳು ಜ್ವರ ಇವೂ ಇಂಥದೇ ಲಕ್ಷಣಗಳನ್ನು ತೋರಿಸುತ್ತವೆ. ದಿನ, ಸ್ಥಳಗಳ ಅರಿವು ತಪ್ಪಿದವರನ್ನೂ ಬಾಣಂತಿ ಸನ್ನಿ ಕಾಣಿಸಿಕೊಂಡ ತಾಯಿಯನ್ನೂ ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು.

ಕಾಯಿಲೆಗೆ ಹೆಸರಿಡುವುದು ಸದಸ್ಯರ ಕೆಲಸವಲ್ಲ. ಬದಲಾವಣೆ ಎಂದು ಆರಂಭವಾಯಿತು, ನಿದ್ರೆ ಎಂದು ತಪ್ಪಿತು, ಯಾವ ವ್ಯಸನವಿತ್ತು ಎಂಬುದನ್ನು ಕುಟುಂಬದವರಿಂದ ಬರೆಯಿಸಿ, ಆಶಾ ಕಾರ್ಯಕರ್ತೆಯ ನೆರವಿನಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು ಅವರ ಕೆಲಸ. ಆ ಒಂದು ಹಾಳೆ ವೈದ್ಯರಿಗೆ ಬಹಳ ಉಪಯುಕ್ತ. ಉಚಿತ ದೂರವಾಣಿ ಸಲಹೆಗೆ ಟೆಲಿ ಮಾನಸ್ ಸಂಖ್ಯೆ 14416 ಇದೆ. ಅವಧಿಯ ಲೆಕ್ಕ ಹೆಸರಿಗಾಗಿ ಮಾತ್ರ. ಚಿಕಿತ್ಸೆಗಾಗಿ 6 ತಿಂಗಳು ಕಾಯಬೇಕೆಂದು ಅದರ ಅರ್ಥವಲ್ಲ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ. ಹರಕೆ ಹೊರುವವರನ್ನು ತಡೆಯಬೇಕಾಗಿಲ್ಲ. ಆದರೆ ಹರಕೆ ತೀರುವವರೆಗೆ ಆಸ್ಪತ್ರೆಯನ್ನು ಮುಂದೂಡಬಾರದು.

ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 95ನೇ ಪ್ರಕರಣ ನಿಷೇಧಿಸಿದೆ. ಹಳ್ಳಿಯ ಸಮೀಪವೇ ಇಂಥ ಚಿಕಿತ್ಸೆ ಸಾಧ್ಯವೆಂಬುದನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಒಂದು ತಿಂಗಳಲ್ಲಿ ಗುಣವಾಗಬಲ್ಲ ಕಾಯಿಲೆಗೆ ಊರು ಇಟ್ಟ ಹೆಸರು ಜೀವನವಿಡೀ ಉಳಿಯುತ್ತದೆ. ಮದುವೆ, ಕೂಲಿ, ಮರ್ಯಾದೆ ಎಲ್ಲವೂ ಆ ಹೆಸರಿಗೆ ಬಲಿಯಾಗುತ್ತವೆ. ಆ ಮಾತು ಗ್ರಾಮಸಭೆಯಲ್ಲಿ ಕೇಳಿಬಂದಾಗ ಅದನ್ನು ತಡೆಯುವ ಮೊದಲ ಧ್ವನಿ ಸದಸ್ಯರದಾಗಿರಬೇಕು.